ಹಳೆಯ ಫೋಟೋ ಒಂದನ್ನು ಓದುವ ಬಗೆ



ನಿಮ್ಮ ಮನೆಯ ಟ್ರಂಕಿನಲ್ಲೋ ಬೀರುವಿನಲ್ಲೋ ಹಳೆಯ ಆಲ್ಬಂ ಒಂದು ಇರಬಹುದು. ಕಪ್ಪು ರಟ್ಟಿನ ಹಾಳೆಗಳು, ಅವುಗಳ ಮೇಲೆ ಅಂಗೈಯಗಲದ ಕಪ್ಪು-ಬಿಳುಪು ಚಿತ್ರಗಳು. ಮದುವೆ, ನಾಮಕರಣ, ಶಾಲೆಯ ಗುಂಪುಚಿತ್ರ ಇವುಗಳ ನಡುವೆ ಎಲ್ಲೋ ಒಂದು ಬೇರೆ ಬಗೆಯದು ಸಿಗುತ್ತದೆ. ಜಗಲಿಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿರುವ ಹೆಂಗಸರು, ಸೈಕಲ್ಲಿಗೆ ಒರಗಿ ನಿಂತ ಹುಡುಗ, ಬಾವಿಕಟ್ಟೆಯ ಬಳಿ ಬಿಂದಿಗೆ ಹಿಡಿದವರು. ಯಾವ ಸಮಾರಂಭವೂ ಇಲ್ಲದ ಒಂದು ಸಾಧಾರಣ ದಿನದ ಚಿತ್ರ.

ಅದನ್ನು ನೀವು ಗೆಳೆಯರಿಗೆ ತೋರಿಸುತ್ತೀರಿ. ಒಬ್ಬರು “ಎಷ್ಟು ಚೆನ್ನಾಗಿದೆ” ಎನ್ನುತ್ತಾರೆ. ಇನ್ನೊಬ್ಬರು “ಮಸುಕಾಗಿದೆ, ತೆಗೆದವರಿಗೆ ಸರಿಯಾಗಿ ಬರುತ್ತಿರಲಿಲ್ಲ” ಎನ್ನುತ್ತಾರೆ. ಮತ್ತೊಬ್ಬರು “ಆ ಕಾಲದಲ್ಲಿ ಎಷ್ಟು ನೆಮ್ಮದಿ ಇತ್ತು ನೋಡಿ” ಎಂದು ನಿಟ್ಟುಸಿರು ಬಿಡುತ್ತಾರೆ. ಈ ಮೂರೂ ಪ್ರತಿಕ್ರಿಯೆಗಳು. ಇವುಗಳಲ್ಲಿ ಒಂದೂ ಇನ್ನೂ ವಿಮರ್ಶೆಯಲ್ಲ.

ಹಾಗಾದರೆ ವಿಮರ್ಶೆ ಎಂದರೇನು? ಚಿತ್ರದಲ್ಲಿ ನಿಜವಾಗಿ ಕಾಣುವುದು ಯಾವುದು, ಕ್ಯಾಮೆರಾದಿಂದ ಬಂದದ್ದು ಯಾವುದು, ತೆಗೆದವರು ಆಯ್ದುಕೊಂಡದ್ದು ಯಾವುದು, ನಾವು ನಮ್ಮ ಮನಸ್ಸಿನಿಂದ ಸೇರಿಸಿದ್ದು ಯಾವುದು, ಈ ನಾಲ್ಕನ್ನು ಬೇರೆ ಬೇರೆ ಮಾಡಿ ನೋಡುವುದೇ ವಿಮರ್ಶೆಯ ಮೊದಲ ಕೆಲಸ. ಕಿರುತೆರೆಯ ಮಾತುಕತೆಯಲ್ಲಿ ಒಂದು ಚಿತ್ರ ಕೆಲವೇ ಕ್ಷಣ ನಿಂತು ಮರೆಯಾಗುತ್ತದೆ. ಪುಸ್ತಿಕೆಯಲ್ಲಿ ಅಷ್ಟು ಅವಸರವಿಲ್ಲ. ಆದ್ದರಿಂದ ಈ ನಾಲ್ಕನ್ನೂ ಇಲ್ಲಿ ಒಂದೊಂದಾಗಿ ನೋಡೋಣ.

ಬೆಳ್ಳಿಯ ಕೆಲಸ

ಮೊದಲು ಫಿಲಂ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಪಾರದರ್ಶಕವಾದ ಪಟ್ಟಿಯ ಮೇಲೆ ಜಿಲೆಟಿನ್ನಿನ ತೆಳು ಪದರ. ಅದರೊಳಗೆ ಸಿಲ್ವರ್ ಬ್ರೋಮೈಡಿನ ಸೂಕ್ಷ್ಮ ಹರಳುಗಳು. ಷಟರ್ ತೆರೆದು ಮುಚ್ಚುವ ಅಲ್ಪಕಾಲದಲ್ಲಿ ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬಿಡುಗಡೆಯಾಗುತ್ತವೆ. ಕಣ್ಣಿಗೆ ಆಗ ಏನೂ ಕಾಣದು. ಇದಕ್ಕೆ ಸುಪ್ತಬಿಂಬ ಎಂದು ಹೆಸರು. ಕತ್ತಲೆ ಕೋಣೆಯಲ್ಲಿ ಡೆವಲಪರ್ ದ್ರಾವಣಕ್ಕೆ ಹಾಕಿದಾಗ ಬೆಳಕು ತಾಗಿದ ಹರಳುಗಳು ಪೂರ್ತಿ ಬೆಳ್ಳಿಯಾಗಿ ಕಪ್ಪಾಗುತ್ತವೆ. ಬೆಳಕು ಹೆಚ್ಚು ಬಿದ್ದಲ್ಲಿ ಹೆಚ್ಚು ಕಪ್ಪು. ಆದ್ದರಿಂದಲೇ ನೆಗೆಟಿವ್‌ನಲ್ಲಿ ಬಿಳಿ ಪಂಚೆ ಕಪ್ಪಾಗಿ, ಕಪ್ಪು ಕೂದಲು ತಿಳಿಯಾಗಿ ಕಾಣುತ್ತದೆ. ಉಳಿದ ಹರಳುಗಳನ್ನು ಕರಗಿಸಿ ತೆಗೆಯುವುದು ಹೈಪೋ, ಅಂದರೆ ನಿಮ್ಮ ರಸಾಯನಶಾಸ್ತ್ರದ ಪ್ರಯೋಗಾಲಯದ ಸೋಡಿಯಂ ಥಯೋಸಲ್ಫೇಟ್. ಬೆಳ್ಳಿಯ ಲವಣಗಳನ್ನು ಹೈಪೋ ಕರಗಿಸುತ್ತದೆ ಎಂಬುದನ್ನು ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಾವು “ತಪ್ಪು” ಎನ್ನುವ ಅನೇಕ ಸಂಗತಿಗಳು ಈ ರಸಾಯನಶಾಸ್ತ್ರದಿಂದಲೂ ಕ್ಯಾಮೆರಾದ ಮಿತಿಯಿಂದಲೂ ಬಂದವು.

ಮಸುಕನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಇದ್ದ ಆಗ್ಫಾ ಕ್ಲಿಕ್ 3ರಂಥ ಸರಳ ಕ್ಯಾಮೆರಾದಲ್ಲಿ ಷಟರ್ ವೇಗವನ್ನು ಬದಲಿಸುವ ಅವಕಾಶವಿರಲಿಲ್ಲ. ಅದು ಸೆಕೆಂಡಿನ ಸುಮಾರು 30ನೇ ಒಂದು ಭಾಗ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವ ಸೈಕಲ್ಲು ಅಷ್ಟರಲ್ಲಿ ಸುಮಾರು 14 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಲೆಕ್ಕ ಹಾಕಿ ನೋಡಿ. ಹಾಗಾದರೆ ಚಿತ್ರದ ಆ ಮಸುಕು ಗೆರೆ ಏನು? ಅದು ಚಲನೆಯ ಅಳತೆ. ಗೋಡೆ ಸ್ಪಷ್ಟವಾಗಿದ್ದು ಹುಡುಗನ ಕೈ ಮಾತ್ರ ಮಸುಕಾಗಿದ್ದರೆ ಕೈ ಅಲುಗಿತ್ತು ಎಂದರ್ಥ. ಗೋಡೆಯೂ ಮಸುಕಾಗಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ಕ್ಯಾಮೆರಾ.

ಬಣ್ಣದ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ಆರ್ಥೋಕ್ರೋಮ್ಯಾಟಿಕ್ ಫಿಲಂಗೆ ಕೆಂಪು ಬೆಳಕು ಕತ್ತಲೆ ಇದ್ದಂತೆ. ಅದರಲ್ಲಿ ತೆಗೆದ ಚಿತ್ರದಲ್ಲಿ ಹಣೆಯ ಕುಂಕುಮ ಕಪ್ಪುಬೊಟ್ಟಾಗಿ, ಕೆಂಪು ಸೀರೆ ಕಪ್ಪು ಸೀರೆಯಾಗಿ ಕಾಣುತ್ತದೆ. ಮುಂದೆ ಬಂದ ಪ್ಯಾಂಕ್ರೋಮ್ಯಾಟಿಕ್ ಫಿಲಂ ಎಲ್ಲ ಬಣ್ಣಗಳನ್ನೂ ಗ್ರಹಿಸಿತು. ಆದರೂ ಕೆಂಪು ಅಂಚು, ಹಸಿರು ಒಡಲು ಎರಡೂ ಒಂದೇ ಬೂದುಬಣ್ಣವಾಗಿ ಬೆರೆತುಹೋಗಬಹುದು. “ಅಜ್ಜಿ ಯಾವಾಗಲೂ ಮಂಕು ಬಣ್ಣದ ಸೀರೆಯನ್ನೇ ಉಡುತ್ತಿದ್ದರು” ಎಂದು ಚಿತ್ರ ನೋಡಿ ತೀರ್ಮಾನಿಸುವ ಮೊದಲು ಇದನ್ನು ನೆನೆಯಿರಿ.

ಇನ್ನು ಮಿತವ್ಯಯ. ಕ್ಲಿಕ್ 3ರ ಒಂದು ರೋಲಿನಲ್ಲಿ ಬರುತ್ತಿದ್ದದ್ದು 12 ಚೌಕ ಚಿತ್ರಗಳು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಎಂಬ ಹೆಸರಿನ ಫಿಲಂ ತಯಾರಿಸಿ ಮಾರುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ರೋಲು ಕೊಳ್ಳುವುದಕ್ಕೂ ತೊಳೆಸುವುದಕ್ಕೂ ಪ್ರಿಂಟು ಹಾಕಿಸುವುದಕ್ಕೂ ಬೇರೆ ಬೇರೆ ಖರ್ಚು. ಸಹಜವಾಗಿಯೇ ಜನ ರೋಲನ್ನು ಹಬ್ಬಕ್ಕೆ, ಮದುವೆಗೆ ಉಳಿಸಿಡುತ್ತಿದ್ದರು. ಯಾರೋ ಒಬ್ಬರು ಆ 12ರಲ್ಲಿ ಒಂದನ್ನು ಅಕ್ಕಿ ಆರಿಸುವ ಕೆಲಸಕ್ಕೆ ಕೊಟ್ಟಿದ್ದಾರೆ ಎಂದರೆ, ಏಕೆ ಕೊಟ್ಟರು ಎಂಬುದೇ ಕೇಳಬೇಕಾದ ಒಳ್ಳೆಯ ಪ್ರಶ್ನೆ.

ಚೌಕಟ್ಟಿನ ಒಳಗೆ, ಹೊರಗೆ

ಕ್ಯಾಮೆರಾದ ಪಾಲನ್ನು ಕಳೆದ ಮೇಲೆ ತೆಗೆದವರ ಪಾಲನ್ನು ನೋಡಬೇಕು. ಇದಕ್ಕೆ ಪ್ರಸಿದ್ಧ ಉದಾಹರಣೆ ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸ್ಸಾನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ ತೆಗೆದ ಚಿತ್ರ. ಮಳೆನೀರು ನಿಂತ ಬಯಲು. ನೀರಿನಲ್ಲಿ ಬಿದ್ದಿರುವ ಒಂದು ಏಣಿ. ಏಣಿಯಿಂದ ಜಿಗಿದ ಒಬ್ಬ ಮನುಷ್ಯ. ಅವನ ಹಿಮ್ಮಡಿ ನೀರಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಷಟರ್ ಬಿದ್ದಿದೆ. ಮುಖ ಕಾಣುವುದಿಲ್ಲ, ದೇಹ ತುಸು ಮಸುಕು. ಆದರೆ ಹಿಂದಿನ ಗೋಡೆಯ ಭಿತ್ತಿಪತ್ರವನ್ನು ಗಮನಿಸಿ: ಅಲ್ಲೂ ಒಂದು ಆಕೃತಿ ಜಿಗಿಯುತ್ತಿದೆ. ಕೆಳಗೆ ನೀರಿನಲ್ಲಿ ಮನುಷ್ಯನ ಪ್ರತಿಬಿಂಬ. ಒಂದೇ ಜಿಗಿತ ಮೂರು ಕಡೆ! ಈ ಚಿತ್ರ ಏಕೆ ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದಕ್ಕೆ ಇದು ಬೊಟ್ಟುಮಾಡಿ ತೋರಿಸಬಹುದಾದ ಕಾರಣ. “ಚೆನ್ನಾಗಿದೆ” ಎಂದಷ್ಟೇ ಹೇಳುವುದಕ್ಕೂ ಹೀಗೆ ಹೇಳುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಹೊಳೆದಿರಬೇಕು.

ಇನ್ನೊಂದು ಸಂಗತಿ. ಬ್ರೆಸ್ಸಾನ್ ಈ ಚಿತ್ರವನ್ನು ಬೇಲಿಯ ಹಲಗೆಗಳ ಸಂದಿನಿಂದ ತೆಗೆದರು. ಮೂಲ ನೆಗೆಟಿವ್‌ನ ಎಡಬದಿಯಲ್ಲಿ ಬೇಲಿ ಅಡ್ಡ ಬಂದಿದೆ. ಪ್ರಿಂಟು ಹಾಕುವಾಗ ಅದನ್ನು ಕತ್ತರಿಸಿದರು. ಚಿತ್ರವನ್ನು ಕತ್ತರಿಸುವುದನ್ನು ಒಪ್ಪದವರೆಂದೇ ಹೆಸರಾದ ಬ್ರೆಸ್ಸಾನ್ ಇಲ್ಲಿ ಅಪರೂಪಕ್ಕೆ ಹಾಗೆ ಮಾಡಿದರು. ಯಾವ ಚಿತ್ರ ನೋಡಿದರೂ ಈ ಪ್ರಶ್ನೆ ನಿಮ್ಮಲ್ಲಿರಲಿ: ಅಂಚಿನ ಆಚೆ ಏನಿತ್ತು?

ನಮ್ಮ ಕಿರುತೆರೆಯ ಕೆಲಸದಲ್ಲೂ ಇದೇ ಮಾತು. ಸ್ಥಿರಚಿತ್ರವೊಂದನ್ನು ತೋರಿಸುವಾಗ ಮುಖದಿಂದ ಆರಂಭಿಸಿ ನಿಧಾನವಾಗಿ ಹಿಂದೆ ಸರಿದು ಹರಿದ ಗುಡಾರವನ್ನು ತೋರಿಸಿದರೆ ನೋಡುವವರಿಗೆ ಒಂದು ಭಾವ. ಗುಡಾರದಿಂದ ಆರಂಭಿಸಿ ಮುಖದಲ್ಲಿ ನಿಲ್ಲಿಸಿದರೆ ಇನ್ನೊಂದು ಭಾವ. ಚಿತ್ರ ಬದಲಾಗಿಲ್ಲ, ನೋಡುವ ಕ್ರಮ ಬದಲಾಗಿದೆ.

ಕೆಳಗೆ ಬರೆದ ಸಾಲು

ಈಗ ಎಲ್ಲಕ್ಕಿಂತ ಕಷ್ಟದ ಭಾಗಕ್ಕೆ ಬರೋಣ. 1936ರ ಮಾರ್ಚ್ ತಿಂಗಳು. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ವರ್ಷಗಳು. ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ ಬಟಾಣಿ ಬಿಡಿಸಲು ಬಂದ ಕೂಲಿಗಳು ಬೆಳೆ ಹಾಳಾಗಿ ಕೆಲಸವಿಲ್ಲದೆ ಕುಳಿತಿದ್ದರು. ಸರ್ಕಾರದ ಪರವಾಗಿ ಚಿತ್ರ ತೆಗೆಯುತ್ತಿದ್ದ ಡೊರೊಥಿಯ ಲ್ಯಾಂಜ್ ಅಲ್ಲಿ ಗುಡಾರದ ಕೆಳಗಿದ್ದ ಒಬ್ಬ ತಾಯಿಯನ್ನೂ ಮಕ್ಕಳನ್ನೂ ಕಂಡರು. ದೂರದಿಂದ ಆರಂಭಿಸಿ ಹತ್ತಿರ ಹತ್ತಿರ ಹೋಗುತ್ತ ಕೆಲವು ಚಿತ್ರ ತೆಗೆದರು. ದೂರದ ಚಿತ್ರದಲ್ಲಿ ಗುಡಾರ, ಸಾಮಾನು, ದೊಡ್ಡ ಮಗಳು ಕಾಣುತ್ತಾರೆ. ಹತ್ತಿರದ ಚಿತ್ರದಲ್ಲಿ ಉಳಿದದ್ದು ಗಲ್ಲಕ್ಕೆ ಕೈಯಿಟ್ಟು ದೂರಕ್ಕೆ ನೋಡುವ ತಾಯಿ, ಮಡಿಲಲ್ಲಿ ಕೂಸು, ಮುಖ ತಿರುಗಿಸಿ ಅವಳ ಹೆಗಲಿಗೆ ಒರಗಿದ ಇಬ್ಬರು ಮಕ್ಕಳು. ‘ವಲಸೆ ತಾಯಿ’ ಎಂದು ಜಗತ್ತಿಗೆ ಗೊತ್ತಾದದ್ದು ಈ ಕೊನೆಯ ಚಿತ್ರ.

ಚಿತ್ರಗಳು ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಶಿಬಿರಕ್ಕೆ ಸುಮಾರು 20,000 ಪೌಂಡ್ ಆಹಾರ ಕಳಿಸಿತು. ಅಷ್ಟು ಹೊತ್ತಿಗೆ ಆ ತಾಯಿ, ಮಕ್ಕಳು ಅಲ್ಲಿಂದ ಹೊರಟುಹೋಗಿದ್ದರು. ಲ್ಯಾಂಜ್ ಅವಳ ಹೆಸರು ಕೇಳಿರಲಿಲ್ಲ. ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಹೊರಗೆ ಗೊತ್ತಾದದ್ದು 1978ರಲ್ಲಿ, ನಲವತ್ತೆರಡು ವರ್ಷದ ಮೇಲೆ! ಆಗ ಆಕೆ ಹೇಳಿದ್ದು ಕಹಿ ಮಾತು: ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಬಿಡಿಕಾಸೂ ಬರಲಿಲ್ಲ. ಸರ್ಕಾರಿ ಕೆಲಸವಾದ್ದರಿಂದ ಲ್ಯಾಂಜ್ ಅವರಿಗೂ ಅದರಿಂದ ಗೌರವಧನ ಬರಲಿಲ್ಲ. ಊಟಕ್ಕಾಗಿ ಕಾರಿನ ಟೈರುಗಳನ್ನು ಮಾರಿದ್ದರು ಎಂಬ ಲ್ಯಾಂಜ್ ಅವರ ಟಿಪ್ಪಣಿಯನ್ನು ಆ ಕುಟುಂಬದವರು ಅಲ್ಲಗಳೆದರು. ಬರದಿಂದ ಆಗತಾನೆ ಓಡಿಬಂದ ಬಿಳಿಯ ರೈತಳೆಂದು ನೋಡಿದವರು ಊಹಿಸಿದ್ದರು. ಆಕೆಯಾದರೋ ಚೆರೋಕೀ ಮೂಲನಿವಾಸಿ ವಂಶದವಳು. 1920ರ ದಶಕದಲ್ಲೇ ಕ್ಯಾಲಿಫೋರ್ನಿಯಕ್ಕೆ ಬಂದವಳು.

ಈಗ ಹೇಳಿ, ಇದು ಒಳ್ಳೆಯ ಚಿತ್ರವೇ? ಹೌದು. ಮುಖ, ಕೈ, ಮಕ್ಕಳ ಬೆನ್ನು ಇವುಗಳ ಜೋಡಣೆ ಅಪೂರ್ವ. ಹಸಿದ ಶಿಬಿರಕ್ಕೆ ಅದು ಅನ್ನ ತಂದಿತು. ಅದರ ಬಗ್ಗೆ ಹೇಳಿದ್ದೆಲ್ಲ ನಿಜವೇ? ಅಲ್ಲ. ಚಿತ್ರದಲ್ಲಿರುವಾಕೆಗೆ ನ್ಯಾಯ ಸಿಕ್ಕಿತೇ? ಇಲ್ಲ. ಈ ಮೂರು ಉತ್ತರಗಳನ್ನೂ ಒಟ್ಟಿಗೆ ಹೇಳಬಲ್ಲವರೇ ಒಳ್ಳೆಯ ವಿಮರ್ಶಕರು. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ. ಇನ್ನೂ ಒಂದು ಪಾಠವಿದೆ: ಬೆಳಕು ಬರೆದದ್ದು ಅಷ್ಟು ಸುಲಭವಾಗಿ ತಪ್ಪುವುದಿಲ್ಲ, ಅದರ ಕೆಳಗೆ ನಾವು ಬರೆಯುವ ಸಾಲು ಬೇಗ ತಪ್ಪುತ್ತದೆ.

ನೆಮ್ಮದಿ ಎಲ್ಲಿ ಕಂಡಿತು?

ನಮ್ಮ ಬಾವಿಕಟ್ಟೆಯ ಚಿತ್ರಕ್ಕೆ ಬನ್ನಿ. ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತ ಹೆಂಗಸರ ಸಾಲು ನೋಡಲು ಸೊಗಸು. ಆದರೆ 10 ಲೀಟರ್ ನೀರೆಂದರೆ 10 ಕಿಲೋಗ್ರಾಂ ಭಾರ. ಬಿಂದಿಗೆಯ ತೂಕ ಬೇರೆ. ದಿನಕ್ಕೆ ಎಷ್ಟು ಸಲ? ಎಷ್ಟು ದೂರ? ಆ ಬಾವಿಗೆ ಊರಿನ ಎಲ್ಲರೂ ಬರಬಹುದಿತ್ತೇ? ಚಿತ್ರ ಉತ್ತರಿಸುವುದಿಲ್ಲ. ಭಾರ, ಬಿಸಿಲು, ಹಸಿವು ಇವು ಯಾವುವೂ ಸಿಲ್ವರ್ ಬ್ರೋಮೈಡಿಗೆ ತಾಗುವುದಿಲ್ಲ. “ಆ ಕಾಲ ಎಷ್ಟು ನೆಮ್ಮದಿ” ಎಂಬ ಮಾತು ಚಿತ್ರದಿಂದ ಬಂದದ್ದಲ್ಲ, ನಮ್ಮಿಂದ ಬಂದದ್ದು. ಹಾಗೆಯೇ “ಪಾಪ, ಎಷ್ಟು ಕಷ್ಟ” ಎಂಬುದೂ ನಮ್ಮದೇ ಆಗಿರಬಹುದು. ನೀರಿಗೆ ಹೋದವರನ್ನು ಕೇಳಿದರೆ ಎರಡಕ್ಕಿಂತ ಬೇರೆಯದೇ ಉತ್ತರ ಬರಬಹುದು. ಕೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಬೇಕು.

ಸಾಧಾರಣ ಜನರ ದಿನನಿತ್ಯದ ಬದುಕನ್ನು ಗೌರವದಿಂದ ತೆಗೆಯುವುದು ಹೇಗೆ ಎಂದು ತಿಳಿಯಬೇಕಾದರೆ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಗ್ರಂಥಾಲಯದಲ್ಲಿ ಹುಡುಕಿ ನೋಡಿ. ನೋಡುವಾಗ ಮೇಲಿನ ಪ್ರಶ್ನೆಗಳನ್ನೇ ಅವುಗಳಿಗೂ ಹಾಕಿ.

ಇತರರಿಗೆ ತೋರಿಸುವ ಮೊದಲು

ಗೆಳೆಯರು ತಮ್ಮ ಮನೆಯ ಚಿತ್ರ ತೋರಿಸಿದಾಗ ನಿಮ್ಮ ಟೀಕೆ ಚಿತ್ರದ ಮೇಲಿರಲಿ, ಅದರಲ್ಲಿರುವವರ ಬಟ್ಟೆ, ಬಣ್ಣ, ಬಡತನದ ಮೇಲೆ ಬೇಡ. “ಎಡಗಡೆ ಖಾಲಿ ಜಾಗ ಹೆಚ್ಚಾಯಿತು” ಎನ್ನಬಹುದು. ಅವರು ಅಲ್ಲಿ ಕುಳಿತು ತಮ್ಮ ಅಜ್ಜಿಯನ್ನು ನೋಡುತ್ತಿದ್ದಾರೆ ಎಂಬುದು ನೆನಪಿರಲಿ.

ನೀವೇ ಹಂಚುವುದಾದರೆ, ಚಿತ್ರದಲ್ಲಿರುವವರನ್ನು ಅಥವಾ ಅವರ ಮನೆಯವರನ್ನು ಒಂದು ಮಾತು ಕೇಳಿ. ಪೂರ್ತಿ ಚಿತ್ರದ ಪ್ರತಿಯೊಂದನ್ನು ಕತ್ತರಿಸದೆ ಇಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿದರೆ ಹಾಗೆಂದು ಹೇಳಿ. ಆ ಬಣ್ಣ ಊಹೆ, ದಾಖಲೆಯಲ್ಲ. ಇಸವಿ ಖಚಿತವಿಲ್ಲದಿದ್ದರೆ “ಸುಮಾರು” ಎಂದು ಬರೆಯಿರಿ. ಹೆಸರು ತಿಳಿಯದಿದ್ದರೆ “ತಿಳಿದಿಲ್ಲ” ಎಂದೇ ಬರೆಯಿರಿ.

ಪ್ರಿಂಟಿನ ಹಿಂದೆ ಮೆದುವಾದ ಪೆನ್ಸಿಲ್ಲಿನಿಂದ, ಒತ್ತದೆ, ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಯಿರಿ, ಬಾಲ್‌ಪೆನ್ ಬೇಡ. ಲ್ಯಾಮಿನೇಷನ್ ಮಾಡಿಸಬೇಡಿ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೆರೆದು ತೆಗೆಯಬೇಡಿ. ಗಾಜಿನ ಮೇಲಿನಿಂದಲೇ ಪ್ರತಿ ತೆಗೆಯಿರಿ. ನೆಗೆಟಿವ್‌ಗಳನ್ನು ಎಸೆಯಬೇಡಿ, ಕಾಗದದ ಲಕೋಟೆಯಲ್ಲಿ ತಂಪಾದ, ಒಣಗಿದ ಜಾಗದಲ್ಲಿಡಿ. ವಿನಿಗರ್ ವಾಸನೆ ಬಂದರೆ ಫಿಲಂನ ಅಸಿಟೇಟ್ ಪಟ್ಟಿ ಕೊಳೆಯಲು ಆರಂಭವಾಗಿದೆ ಎಂದರ್ಥ. ಅದನ್ನು ಬೇರೆಯಾಗಿಟ್ಟು ಬೇಗ ಪ್ರತಿ ಮಾಡಿಸಿ.

ಮಾಡಿ ನೋಡಿ

ಮನೆಯ ಹಳೆಯ ಚಿತ್ರವೊಂದನ್ನು ಆರಿಸಿಕೊಳ್ಳಿ, ಸಮಾರಂಭದ್ದು ಬೇಡ. ಒಂದು ಹಾಳೆಯನ್ನು ನಾಲ್ಕು ಭಾಗ ಮಾಡಿ. ಮೊದಲನೆಯದರಲ್ಲಿ ಕಣ್ಣಿಗೆ ಕಾಣುವುದನ್ನು ಮಾತ್ರ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಎರಡನೆಯದರಲ್ಲಿ ಬೆಳಕಿನ ದಿಕ್ಕು, ಮಸುಕು, ಬೂದುಬಣ್ಣಗಳ ವಿಚಾರ. ಮೂರನೆಯದರಲ್ಲಿ ತೆಗೆದವರು ಎಲ್ಲಿ ನಿಂತಿದ್ದರು, ಏನನ್ನು ಬಿಟ್ಟರು ಎಂಬುದು. ನಾಲ್ಕನೆಯದರಲ್ಲಿ ನಿಮ್ಮ ಊಹೆಗಳು. ಆಮೇಲೆ ಆ ಹಾಳೆಯನ್ನೂ ಚಿತ್ರವನ್ನೂ ಮನೆಯ ಹಿರಿಯರ ಮುಂದಿಟ್ಟು ನಾಲ್ಕನೆಯ ಭಾಗವನ್ನು ಒಂದೊಂದಾಗಿ ಓದಿ ಹೇಳಿ. ಅವರು “ಅಲ್ಲ, ಹಾಗಲ್ಲ” ಎಂದು ತಿದ್ದುವ ಪ್ರತಿಯೊಂದು ಮಾತನ್ನೂ ದಿನಾಂಕ ಹಾಕಿ ಬರೆದುಕೊಂಡು ಚಿತ್ರದ ಜೊತೆಯಲ್ಲೇ ಇಡಿ.