ಎಐ ಮಾಡೋ 'ರಫ್ ವರ್ಕ್': ಸ್ಟೆಪ್ಸ್ ನೋಡಿ ಎಷ್ಟು ನಂಬಬಹುದು?

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಅಂಗಡಿಯವರು 500 ರೂಪಾಯಿ ಶರ್ಟಿನ ಬೆಲೆಯನ್ನ ಶೇ 20ರಷ್ಟು ಏರಿಸಿದ್ರು. ಆಮೇಲೆ ಹಬ್ಬದ ಆಫರ್ ಅಂತ ಶೇ 20ರಷ್ಟು ಡಿಸ್ಕೌಂಟ್ ಕೊಟ್ರು. ಈಗ ಬೆಲೆ ಎಷ್ಟು?

ತಟ್ಟನೆ ಹೇಳಿ ಅಂದ್ರೆ 500 ಅಂತಲೇ ಬಾಯಿಗೆ ಬರುತ್ತೆ. ಬರೆದು ನೋಡಿ: ಏರಿಸಿದ ಮೇಲೆ 600. ಅದರಲ್ಲಿ ಶೇ 20 ಅಂದ್ರೆ 120. ಉಳಿದದ್ದು 480. ಲೆಕ್ಕ ಕಷ್ಟದ್ದೇನಲ್ಲ, ನಡುವಿನ 600 ಅನ್ನು ಬಿಟ್ಟು ಹಾರಿದ್ರೆ ಎಡವುತ್ತೀವಿ, ಅಷ್ಟೇ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಥರದ ಎಐಗಳ ಕಥೆಯೂ ಹೆಚ್ಚುಕಮ್ಮಿ ಇದೇ.

ಈ ಭಾಷಾ ಮಾದರಿಗಳು ಇಡೀ ಉತ್ತರವನ್ನ ಒಂದೇ ಸಲ ಬರೆಯೋದಿಲ್ಲ. ಒಂದೊಂದೇ ಟೋಕನ್, ಅಂದ್ರೆ ಪದ ಅಥವಾ ಪದದ ತುಣುಕು, ಬರೀತಾ ಹೋಗುತ್ತವೆ. ಪ್ರತಿ ತುಣುಕಿಗೂ ಒಳಗೆ ನಡೆಯುವ ಲೆಕ್ಕಾಚಾರಕ್ಕೆ ಒಂದು ಮಿತಿ ಇದೆ. ನೇರವಾಗಿ ಉತ್ತರ ಕೇಳಿದ್ರೆ ಆ ಮಿತಿಯೊಳಗೇ ಎಲ್ಲ ಮುಗಿಸಬೇಕು. ಹಂತ ಹಂತವಾಗಿ ಬರೆದ್ರೆ, ಬರೆದದ್ದನ್ನೇ ಮತ್ತೆ ಓದಿಕೊಂಡು ಮುಂದಿನ ಪದ ಆರಿಸುತ್ತೆ. ನಾವು ಪರೀಕ್ಷೆಯಲ್ಲಿ ಹಾಳೆಯ ಬದಿಗೆ ರಫ್ ವರ್ಕ್ ಮಾಡ್ತೀವಲ್ಲ, ಹಾಗೆ.

ಇದರ ಪರಿಣಾಮ ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು 2022ರಲ್ಲಿ. ಟೋಕಿಯೊ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ಪ್ರಶ್ನೆಯ ಜೊತೆ 'ಹಂತ ಹಂತವಾಗಿ ಯೋಚಿಸೋಣ' ಅನ್ನೋ ಅರ್ಥದ ಒಂದೇ ಒಂದು ಇಂಗ್ಲಿಷ್ ವಾಕ್ಯ ಸೇರಿಸಿದ್ರು. ಒಂದು ಗಣಿತ ಪರೀಕ್ಷೆಯಲ್ಲಿ ಸರಿಯುತ್ತರ ಶೇ 17.7ರಿಂದ ಶೇ 78.7ಕ್ಕೆ ಜಿಗಿಯಿತು. ಮಾದರಿಗೆ ಹೊಸದಾಗಿ ಏನನ್ನೂ ಕಲಿಸಿರಲಿಲ್ಲ!

ಈಗ ಆ ವಾಕ್ಯವನ್ನ ನಾವು ಟೈಪ್ ಮಾಡಬೇಕಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಓಪನ್‌ಎಐನ ಓ1, 2025ರ ಜನವರಿಯಲ್ಲಿ ಬಂದ ಡೀಪ್‌ಸೀಕ್ ಆರ್1 ಥರದ ಮಾದರಿಗಳಿಗೆ ತರಬೇತಿಯಲ್ಲೇ ಈ ಅಭ್ಯಾಸ ಮಾಡಿಸಿದ್ದಾರೆ.

ಆದ್ರೆ ಇಲ್ಲೊಂದು ತೊಡಕಿದೆ. 2025ರಲ್ಲಿ ಆಂಥ್ರಾಪಿಕ್ ಕಂಪನಿಯ ಸಂಶೋಧಕರು ತಮ್ಮದೇ ಕ್ಲಾಡ್ ಮಾದರಿಯೊಳಗೆ ಇಣುಕಿ ನೋಡಿದ್ರು. 36ಕ್ಕೆ 59 ಕೂಡಿಸುವಾಗ ಅದರೊಳಗೆ ಒಂದು ದಾರಿ ಮೊತ್ತವನ್ನ ಅಂದಾಜು ಮಾಡ್ತಿತ್ತು, ಇನ್ನೊಂದು ದಾರಿ ಕೊನೆಯ ಅಂಕಿಯನ್ನ ಮಾತ್ರ ಲೆಕ್ಕ ಹಾಕ್ತಿತ್ತು. ಎರಡೂ ಸೇರಿ 95 ಬಂತು. 'ಹೇಗೆ ಮಾಡಿದೆ?' ಅಂತ ಕೇಳಿದಾಗ ಮಾತ್ರ, ಆರು ಒಂಬತ್ತು ಹದಿನೈದು, ದಶಕ ಒಂದು ಅಂತ ನಮ್ಮ ಶಾಲೆಯ ವಿಧಾನವನ್ನೇ ಒಪ್ಪಿಸಿತು!

2023ರ ಇನ್ನೊಂದು ಪ್ರಯೋಗದಲ್ಲಿ, ಕೊಟ್ಟ ಉದಾಹರಣೆಗಳಲ್ಲೆಲ್ಲ ಸರಿಯುತ್ತರ 'ಎ' ಆಯ್ಕೆಯೇ ಆಗಿರೋ ಹಾಗೆ ಜೋಡಿಸಿದ್ರು. ಮಾದರಿಗಳು ಹೊಸ ಪ್ರಶ್ನೆಯಲ್ಲೂ 'ಎ' ಕಡೆಗೇ ವಾಲಿದವು. ಯಾಕೆ ಅಂತ ಚೆಂದದ ವಿವರಣೆಯನ್ನೂ ಬರೆದವು. ನಿಜವಾದ ಕಾರಣ ಆ ವಿವರಣೆಯಲ್ಲಿ ಇರಲಿಲ್ಲ.

ಹಾಗಾಗಿ ನಾನು ಎರಡು ಪ್ರಶ್ನೆಗಳನ್ನ ಬೇರೆ ಬೇರೆ ಇಡ್ತೀನಿ. ಒಂದು, ಈ ಸ್ಟೆಪ್ ಸರಿ ಇದೆಯಾ? ಎರಡು, ಎಐ ನಿಜಕ್ಕೂ ಹೀಗೇ ಯೋಚಿಸಿತಾ? ಮೊದಲನೆಯದನ್ನ ನಾವೇ ಪರೀಕ್ಷಿಸಬಹುದು. ಎರಡನೆಯದನ್ನ ಫೋನ್ ಸ್ಕ್ರೀನ್ ನೋಡಿ ಹೇಳೋಕಾಗಲ್ಲ.

ಇಎಂಐ ಲೆಕ್ಕ ಕೇಳಿದ್ರೆ ಸ್ಟೆಪ್ಸ್ ಉಪಯೋಗಕ್ಕೆ ಬರುತ್ತೆ. ಒಂದೊಂದು ಸಾಲನ್ನೂ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ. ನಡುವೆ ಒಂದು ಸಾಲು ತಪ್ಪಿದ್ರೆ, ಅದನ್ನೇ ನಂಬಿ ಮುಂದಿನ ಸಾಲುಗಳೂ ತಪ್ಪುತ್ತಾ ಹೋಗಬಹುದು. ಆದ್ರೆ ಹತ್ತು ರೆಸ್ಯೂಮೆ ಕೊಟ್ಟು 'ಯಾರನ್ನ ಕೆಲಸಕ್ಕೆ ತಗೊಳ್ಳಲಿ?' ಅಂತ ಕೇಳಿದ್ರೆ ಕ್ಯಾಲ್ಕುಲೇಟರ್ ಸಹಾಯ ಮಾಡಲ್ಲ. ಅಲ್ಲಿ ಬರುವ ನೀಟಾದ ಐದು ಕಾರಣಗಳು ಬರೀ ಸಮರ್ಥನೆ ಆಗಿರಬಹುದು. ಹೆಸರು, ಊರು ತೆಗೆದು, ಪಟ್ಟಿಯ ಕ್ರಮ ಬದಲಿಸಿ, ಹೊಸ ಚಾಟ್‌ನಲ್ಲಿ ಮತ್ತೊಮ್ಮೆ ಕೇಳಿ ನೋಡಿ. ಆಯ್ಕೆ ಬದಲಾದ್ರೆ, ಮೊದಲು ಕೊಟ್ಟ ಕಾರಣಗಳನ್ನ ನಂಬೋ ಹಾಗಿಲ್ಲ. ಅಲ್ಲಿ ಕೈ ತಪ್ಪೋದು ಯಾರದೋ ಕೆಲಸ, ನೆನಪಿರಲಿ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.