ನಲವತ್ತರ ನಂತರದ ಪಾರ್ಕೋರ್: ಹಾರುವ ಮುನ್ನ ಇಳಿಯಲು ಕಲಿಯಿರಿ

ಗೋಡೆ, ಕಟ್ಟೆಗಳನ್ನು ಓಡಿ, ಹತ್ತಿ, ಜಿಗಿದು ದಾಟುವ ಪಾರ್ಕೋರ್ ಎಂದೊಡನೆ 2006ರ ‘ಕೆಸಿನೊ ರಾಯಲ್’ ಚಿತ್ರದಲ್ಲಿ ಕ್ರೇನಿನಿಂದ ಕ್ರೇನಿಗೆ ಜಿಗಿಯುವ ಸೆಬಾಸ್ಟಿಯನ್ ಫುಕಾನ್ ಕಣ್ಣಮುಂದೆ ಬರುತ್ತಾರೆ. ಇದೆಲ್ಲ ಎಳೆಯರ ಸಾಹಸ ಎಂದು ನಲವತ್ತು ದಾಟಿದವರು ಅಲ್ಲಿಗೇ ಕೈಬಿಡುತ್ತಾರೆ. ಹಾಗೆ ಬಿಡಬಾರದು ಎಂಬುದು ನನ್ನ ವಾದ.

ಈ ವಿದ್ಯೆಯ ಬೇರು ಫ್ರಾನ್ಸಿನ ನೌಕಾಪಡೆಯಲ್ಲಿದೆ. ಅಲ್ಲಿನ ಅಧಿಕಾರಿ ಜಾರ್ಜ್ ಎಬೇರ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ‘ಸಹಜ ವಿಧಾನ’ವನ್ನು ರೂಪಿಸಿದರು. ನಡೆ, ಓಟ, ಜಿಗಿತ, ನಾಲ್ಕು ಕಾಲಿನ ನಡಿಗೆ, ಹತ್ತುವುದು, ಸಮತೋಲ, ಎಸೆತ, ಭಾರ ಎತ್ತುವುದು, ಆತ್ಮರಕ್ಷಣೆ, ಈಜು: ಇಷ್ಟೇ ಅದರ ಪಠ್ಯ. ಉಪಯುಕ್ತನಾಗಲು ಬಲಶಾಲಿಯಾಗು ಎಂಬುದು ಅವರ ಧ್ಯೇಯ. ಪ್ಯಾರಿಸ್ಸಿನ ಅಗ್ನಿಶಾಮಕ ದಳದಲ್ಲಿದ್ದ ರೇಮಂಡ್ ಬೆಲ್ ಆ ಬಗೆಯ ತರಬೇತಿಯನ್ನು ಬದುಕಾಗಿಸಿಕೊಂಡರು. ಮಗ ಡೇವಿಡ್ ಮತ್ತು ಗೆಳೆಯರು ಪ್ಯಾರಿಸ್ ಹೊರವಲಯದ ಲೀಸ್‌ ಎಂಬ ಊರಿನ ಗೋಡೆ, ಮೆಟ್ಟಿಲುಗಳ ಮೇಲೆ ಅದನ್ನು ಪಾರ್ಕೋರ್ ಆಗಿ ಬೆಳೆಸಿದರು.

ಮಧ್ಯವಯಸ್ಸಿಗೆ ಬೇಕಾದ್ದು ಈ ಪಠ್ಯದ ಆರಂಭದ ಪುಟಗಳು. ಮೊದಲ ಪಾಠ ಇಳಿಯುವುದು. ಒಂದು ಗೇಣೆತ್ತರದ ಕಟ್ಟೆಯಿಂದ ಇಳಿದಾಗ ಮುಂಗಾಲು ಮೊದಲು ತಾಗಬೇಕು, ಮಂಡಿ ಮತ್ತು ಸೊಂಟ ಬಾಗಬೇಕು, ಸದ್ದು ಬರಬಾರದು. ಸದ್ದು ಬಂತೆಂದರೆ ಆ ಪೆಟ್ಟು ಕೀಲುಗಳಿಗೆ ಬಿದ್ದಿದೆ ಎಂದೇ ತಿಳಿಯಿರಿ. ಸದ್ದಿಲ್ಲದೆ ಇಳಿಯುವುದು ರೂಢಿಯಾಗುವವರೆಗೆ ಎತ್ತರ ಹೆಚ್ಚಿಸಬೇಡಿ. ವಯಸ್ಸಾದಂತೆ ಚುರುಕಿನ ಸ್ನಾಯುತಂತುಗಳೇ ಮೊದಲು ಸವೆಯುತ್ತವೆ. ಎಡವಿದಾಗ ತಕ್ಷಣ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದದ್ದು ಅವೇ. ಇನ್ನೊಂದು ಮಾತು: ಸ್ನಾಯು ಬೇಗ ಬಲಗೊಳ್ಳುತ್ತದೆ, ಸ್ನಾಯುರಜ್ಜು ನಿಧಾನ. ಉತ್ಸಾಹ ಹೆಚ್ಚಾದವರ ಹಿಮ್ಮಡಿ, ಮಂಡಿ ನೋಯುವುದು ಈ ಅಂತರದಲ್ಲೇ.

ಇಳಿಯುವಷ್ಟೇ ಮುಖ್ಯ ನೆಲದಿಂದ ಏಳುವುದು. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಅರಾವುಜೊ ಮತ್ತು ಸಂಗಡಿಗರು 51ರಿಂದ 80 ವರ್ಷದ 2,002 ಮಂದಿಯನ್ನು ನೆಲದ ಮೇಲೆ ಕೂತು ಏಳಲು ಹೇಳಿ ವರ್ಷಗಳ ಕಾಲ ಗಮನಿಸಿದರು. ಕೈ, ಮಂಡಿಗಳ ಆಸರೆ ಹೆಚ್ಚು ಬೇಕಾದವರಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು. ಏಳಲಾಗದ್ದೇ ಸಾವಿಗೆ ಕಾರಣ ಎಂದಲ್ಲ. ಬಲ, ಬಾಗುವಿಕೆ, ಸಮತೋಲಗಳ ಲೆಕ್ಕ ಒಂದೇ ಏಳಾಟದಲ್ಲಿ ಸಿಗುತ್ತದೆ. ನೆಲದ ಮೇಲೆ ಕೂತು ಉಣ್ಣುತ್ತಿದ್ದ ನಾವು ಊಟದ ಮೇಜು ಬಂದಮೇಲೆ ಆ ಅಭ್ಯಾಸವನ್ನೇ ಕಳೆದುಕೊಂಡೆವು.

ಮಂಡಿನೋವು, ಮೂಳೆ ಸವೆತ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಶುರುಮಾಡಿ. ಉಳಿದವರು ನಾಳೆ ಬೆಳಿಗ್ಗೆ ಪಾರ್ಕಿನ ತಗ್ಗು ಕಟ್ಟೆಯ ಅಂಚಿನಲ್ಲಿ ನಡೆಯಿರಿ, ಹುಲ್ಲಿನ ಮೇಲೆ ನಾಲ್ಕು ಕಾಲಲ್ಲಿ ಸಾಗಿ. ನೋಡುವವರು ನೋಡಲಿ, ನೀವು ನಿಲ್ಲಿಸಬೇಡಿ.