ಕೊಟ್ಟು ಮರೆಯಬಾರದು

ಕೆಲವು ದಾನಗಳು ಕೈಬಿಟ್ಟ ಕ್ಷಣದಲ್ಲಿಯೇ ಪೂರ್ಣವಾಗುವವು. ಹಸಿದವನಿಗೆ ನೀಡಿದ ರೊಟ್ಟಿಯು ಅವನ ಹೊಟ್ಟೆಯನ್ನು ಸೇರಿತೆಂದರೆ ಕೊಟ್ಟವನ ಹೊಣೆ ತೀರಿತು. ಆದರೆ ಪ್ರಾಣವುಳ್ಳ ಒಂದು ಜೀವವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದಾಗ ಹಾಗಲ್ಲ. ಅಲ್ಲಿ ಹೊಣೆಯು ಕೊಟ್ಟ ದಿನದಿಂದಲೇ ಮೊದಲಾಗುವದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಂದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಇಷ್ಟು ಸಣ್ಣ ಮಾತನ್ನು ಯಾವ ಗ್ರಂಥವೂ ಮನಗಾಣಿಸಲಿಲ್ಲ. ಕೆಂಪಿಯೆಂಬ ಒಂದು ಬೀದಿಯ ನಾಯಿ ಮನಗಾಣಿಸಿತು. ಆ ಕಥೆಯನ್ನು ಹೇಳಿಕೊಳ್ಳುವದರಲ್ಲಿ ನಮಗೆ ಹೆಮ್ಮೆಯೇನೂ ಇಲ್ಲ. ಆದರೂ ಓದುವ ಗೃಹಸ್ಥರಿಗೆ ಪ್ರಯೋಜನವಾದೀತೆಂದು ಹೇಳುವೆವು.

2020 ರ ಅಕ್ಟೋಬರದಲ್ಲಿ ಭೀಮಾನದಿಗೆ ಮಹಾಪೂರ ಬಂದಾಗ ದಂಡೆಯ ಊರುಗಳ ಜನರನ್ನು ಎತ್ತರದ ಶಾಲೆಗಳಲ್ಲಿ ತಂದಿಳಿಸಿದರು. ನಾವಿನ್ನೂ ಆಗ ಕೆಲಸದಲ್ಲಿದ್ದೆವು. ಹಾಸಿಗೆ, ಗಂಟು, ಆಡು, ಕೋಳಿಗಳೊಡನೆ ಒಬ್ಬ ಹುಡುಗನು ತನ್ನ ಅಂಗಿಯೊಳಗೆ ಕೆಂಬಣ್ಣದ ಒಂದು ಕುನ್ನಿಯನ್ನೂ ಇಟ್ಟುಕೊಂಡು ಬಂದಿದ್ದನು. ನೀರು ಇಳಿದು ಜನರು ಊರಿಗೆ ತೆರಳಿದರು. ಕುನ್ನಿ ಮಾತ್ರ ಶಾಲೆಯ ಪಡಸಾಲೆಯಲ್ಲಿ ಉಳಿಯಿತು. ನಾವು ಇಂಡಿಯ ನಮ್ಮ ಮನೆಗೆ ಅದನ್ನು ತಂದೆವು. ಮನೆಯವರು ಮೊದಲು ಗೊಣಗಿದರು. ಎಂಟು ದಿನಗಳಲ್ಲಿ ಅವರೇ ಅದಕ್ಕೆ ಕೆಂಪಿಯೆಂದು ಹೆಸರಿಟ್ಟರು. ಆದರೆ ನಮ್ಮದು ಓಣಿಯೊಳಗಿನ ಇಕ್ಕಟ್ಟಾದ ಮನೆ. ಓಡಾಡುವ ನಾಯಿಗೆ ಹೊಲಮನೆಯೇ ಲೇಸೆಂದು ತಿಳಿದು, ಸಿಂದಗಿ ತಾಲೂಕಿನಲ್ಲಿ ತೋಟದ ವಸ್ತಿಯಲ್ಲಿದ್ದ ಒಬ್ಬ ಪರಿಚಿತ ಒಕ್ಕಲಿಗನಿಗೆ ಅದನ್ನು ಕೊಟ್ಟೆವು. ಒಳ್ಳೆಯ ಮನುಷ್ಯ, ಮಕ್ಕಳಿದ್ದ ಮನೆ, ಬಾಗಿಲಲ್ಲಿ ಬೇವಿನ ನೆರಳು. ಇನ್ನೇನು ಬೇಕೆಂದು ಸಮಾಧಾನಪಟ್ಟು ಬಂದವರು ಮತ್ತೆ ಅತ್ತ ಹಾಯಲಿಲ್ಲ.

ಮುಂದಿನ ಎಳ್ಳ ಅಮಾವಾಸ್ಯೆಗೆ ಆ ದಾರಿಯಿಂದ ಹೋಗುವ ಪ್ರಸಂಗ ಬಂದಿತು. ವಸ್ತಿಯ ಬಾಗಿಲಿಗೆ ಕೀಲಿ ಬಿದ್ದಿತ್ತು. ಬೇವಿನ ಬೊಡ್ಡೆಗೆ ಹರಿದ ಹಗ್ಗದ ತುಂಡು ನೇತಾಡುತ್ತಿತ್ತು. ದಸರೆಯಾದ ಮೇಲೆ ಮನೆಮಂದಿಯೆಲ್ಲ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದರೆಂದೂ, ನಾಯಿಗೆ ದಿನಕ್ಕೊಂದು ರೊಟ್ಟಿ ಹಾಕಲು ತನಗೆ ಹೇಳಿದ್ದರೆಂದೂ, ಅದು ಮೂರು ದಿನ ಏನನ್ನೂ ಮುಟ್ಟದೆ ನಾಲ್ಕನೆಯ ರಾತ್ರಿ ಹಗ್ಗ ಕಡಿದುಕೊಂಡು ಹೋಯಿತೆಂದೂ ಪಕ್ಕದ ಹೊಲದವನು ಹೇಳಿದನು. ನಾವು ಸಿಂದಗಿಯ ಬಸ್ಸುನಿಲ್ದಾಣ, ಸಂತೆಯ ಬಯಲು, ಹೆದ್ದಾರಿಯ ಖಾನಾವಳಿಗಳ ಹಿತ್ತಲುಗಳನ್ನೆಲ್ಲ ಹುಡುಕಿದೆವು. ಕೆಂಪಿ ಸಿಕ್ಕಲಿಲ್ಲ.

ಯುಗಾದಿಗೆ ಆ ಒಕ್ಕಲಿಗನು ಊರಿಗೆ ಬಂದವನೇ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ತಲೆತಗ್ಗಿಸಿ ಕುಳಿತನು. “ಹೊಂಟಾಗ ಅದನ್ನ ಯಾರ ಕೈಯಾಗ ಕೊಡಬೇಕಂತ ತಿಳೀಲಿಲ್ರೀ ಮಾಸ್ತರ. ನಿಮಗ ಹೇಳಿದ್ರ ನೀವು ಏನಂತೀರೋ ಅಂತ ಸುಮ್ಮಾದ್ವಿ” ಎಂದನು. ಅವನನ್ನು ಬೈಯಬೇಕೆಂದು ನಾವು ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಗಂಟಲಲ್ಲಿಯೇ ಉಳಿದವು. ‘ಸಾಕಲಾಗದಿದ್ದರೆ ಮರಳಿ ತಂದುಕೊಡು, ಊರು ಬಿಡುವ ಮುಂಚೆ ಒಂದು ಮಾತು ತಿಳಿಸು’ ಎಂದು ನಾವು ಅವನಿಗೆ ಹೇಳಿಯೇ ಇರಲಿಲ್ಲ. ತಪ್ಪಿನಲ್ಲಿ ಹಿರಿಯ ಪಾಲು ನಮ್ಮದೇ ಆಗಿತ್ತು.

ಮಹಾಭಾರತದ ಆದಿಪರ್ವದ ಮೊದಲಲ್ಲಿಯೇ, ಜನಮೇಜಯನ ಯಜ್ಞಭೂಮಿಗೆ ಬಂದ ಒಂದು ನಾಯಿಮರಿಯನ್ನು ಅವನ ತಮ್ಮಂದಿರು ನಿಷ್ಕಾರಣವಾಗಿ ಹೊಡೆಯುವರು. ತಪ್ಪುಮಾಡದ ಮಗನನ್ನು ಹೊಡೆದದ್ದೇಕೆಂದು ತಾಯಿ ಸರಮೆಯು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಕೊನೆಗೆ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಜನು, ನಂಬಿ ಬೆನ್ನಹಿಂದೆ ಬಂದ ನಾಯಿಯನ್ನು ತೊರೆದು ಸ್ವರ್ಗವನ್ನೇರಲೊಲ್ಲೆನೆನ್ನುವನು. ಇವೆರಡನ್ನೂ ನಾವು ಎಷ್ಟೋ ಸಲ ಪಾಠ ಹೇಳಿದ್ದೆವು. ಕನ್ನಡನಾಡಿನ ಆತಕೂರಿನ ಶಾಸನವಂತೂ ಇನ್ನೂ ಹತ್ತಿರದ ಮಾತು. ಕ್ರಿ.ಶ. 949-50 ರ ಆ ಕಲ್ಲಿನಲ್ಲಿ, ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆನ್ನಲು, ಅವನು ಊರನ್ನು ಕೇಳದೆ ಹೊನ್ನನ್ನು ಕೇಳದೆ ಕಾಳಿಯೆಂಬ ನಾಯಿಯನ್ನು ಕೇಳಿ ಪಡೆದನೆಂದಿದೆ. ಆ ನಾಯಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೇರನು ಕಲ್ಲು ನಿಲ್ಲಿಸಿದನು. ಪೂಜೆಗೆ ಭೂಮಿ ಬಿಟ್ಟನು. ಅಷ್ಟಕ್ಕೆ ನಿಲ್ಲದೆ, ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ಬರೆಸಿದನು. ಸತ್ತ ನಾಯಿಯ ವಿಷಯದಲ್ಲಿಯೂ ಕೊಟ್ಟದ್ದು ಸರಿಯಾಗಿ ನಡೆಯುವಂತೆ ಒಂದು ಕಟ್ಟು ಮಾಡಿದವರು ನಮ್ಮ ಹಿರಿಯರು. ಬದುಕಿದ ನಾಯಿಯನ್ನು ಕೊಟ್ಟು ನಾವು ಯಾವ ಕಟ್ಟನ್ನೂ ಮಾಡದೆ ಬಂದಿದ್ದೆವು.

ನಿವೃತ್ತರಾದ ಮೇಲೆ ನಾವೂ ಮೂವರು ಗೆಳೆಯರೂ ಕೂಡಿ ಈ ಕೆಲಸವನ್ನು ಕ್ರಮವಾಗಿ ಹಿಡಿದೆವು. ಗಾಡಿಗೆ ಸಿಕ್ಕು ಕಾಲು ಮುರಿದವು, ಊರ ಹೊರಗೆ ಚೀಲದಲ್ಲಿ ಬಿಸಾಡಿದ ಕುನ್ನಿಗಳು, ಒಡೆಯರು ಬಿಟ್ಟುಹೋದ ಮುದಿನಾಯಿಗಳು, ಇವನ್ನು ಉಪಚರಿಸಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಿನಲ್ಲಿ ತಕ್ಕ ಮನೆಗಳನ್ನು ಹುಡುಕಿ ಕೊಡುವದು ನಮ್ಮ ಕೆಲಸ. ಉಪಚಾರವು ಇದರಲ್ಲಿ ಎಲ್ಲಕ್ಕೂ ಸುಲಭವಾದ ಭಾಗ; ಮನೆ ಹುಡುಕುವದೇ ಕಷ್ಟ.

ಮೊದಲನೆಯ ತೊಡಕು ‘ಹೆಣ್ಣು ಬೇಡ’ವೆನ್ನುವದು. ಊರ ಹೊರಗೆ ಬಿಸಾಡಿ ನಮಗೆ ಸಿಕ್ಕ ಕುನ್ನಿಗಳಲ್ಲಿ ಹೆಣ್ಣುಗಳೇ ಬಹಳ. ಎರಡನೆಯದು ಜಾತಿಯ ಹಂಬಲ. ನೆರೆಯ ಮುಧೋಳದ ನಾಯಿಗೆ 2005 ರಲ್ಲಿ ಅಂಚೆಯ ಚೀಟಿಯ ಮೇಲೆ ಸ್ಥಾನ ದೊರೆಯಿತು; ತಿಮ್ಮಾಪುರದಲ್ಲಿ ಅದರ ತಳಿಯನ್ನು ಕಾಪಾಡುವ ಕೇಂದ್ರವಿದೆ. ಅದು ಅಭಿಮಾನದ ಸಂಗತಿಯೇ ಸರಿ. ಆದರೆ ಬಂದವರೆಲ್ಲರೂ ಮುಧೋಳದ್ದೇ ಬೇಕೆಂದರೆ ಬೀದಿಯ ಕುನ್ನಿಗೆ ಗತಿಯಾರು? ಮೂರನೆಯದು ನಾಯಿಯನ್ನು ಬಾಗಿಲ ಕೀಲಿಯಂತೆ ಎಣಿಸುವದು. ಲಿಂಬೆಯ ತೋಟಕ್ಕೆ ಕಾವಲು ಬೇಕೆಂದು ಒಯ್ದು, ಬಾವಿಯ ಬಳಿ ಹಗಲಿರುಳು ಸರಪಳಿಯಲ್ಲಿ ಬಿಗಿದರೆ ಅದು ಕಾವಲುಗಾರನಲ್ಲ, ಸೆರೆಯಾಳು. ಸದಾ ಕಟ್ಟಿದ ನಾಯಿಯು ಕಳ್ಳನನ್ನೂ ಬೀಗನನ್ನೂ ಸಮನಾಗಿ ಕಚ್ಚಲು ಹೋಗುವದು.

ಆದಕಾರಣ ಈಗ ನಾವು ಕೊಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುವೆವು. ಹಗಲು ಮನೆಯಲ್ಲಿ ಯಾರಿರುವರು? ವೈಶಾಖದ ಮಧ್ಯಾಹ್ನ ಅದು ಎಲ್ಲಿ ಮಲಗುವದು? ಮನೆಯ ಹಿರಿಯ ಹೆಣ್ಣುಮಗಳು ಒಪ್ಪಿರುವಳೇ? ಈ ಪ್ರಶ್ನೆಯನ್ನು ಬಿಟ್ಟವರು ಮೋಸಹೋಗುವರು; ರೊಟ್ಟಿ ಹಾಕುವ ಕೈ ಅವಳದು. ವರ್ಷದಲ್ಲಿ ಎಷ್ಟು ತಿಂಗಳು ಊರಲ್ಲಿರುವಿರಿ? ಇಲ್ಲದಾಗ ನೋಡುವ ಎರಡನೆಯ ಮನುಷ್ಯನಾರು? ಆ ಎರಡನೆಯವನನ್ನು ಕಂಡು ಮಾತಾಡಿಯೇ ಕೊಡುವೆವು. ಎರಡು ತಿಂಗಳು ತುಂಬುವವರೆಗೆ ಕುನ್ನಿಯನ್ನು ತಾಯಿಯಿಂದ ಅಗಲಿಸುವದಿಲ್ಲ. ಮೂರು ತಿಂಗಳಿಗೆ ಹುಚ್ಚುರೋಗದ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸುವ ಮಾತು ಪಡೆಯುವೆವು. ಹೆಣ್ಣಿಗೆ ವಯಸ್ಸು ಬಂದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಭಾರವನ್ನು ನಾವೇ ಹೊರುವೆವು. ಅಷ್ಟು ಹೇಳಿದೊಡನೆ ‘ಹೆಣ್ಣು ಬೇಡ’ವೆಂದವರಲ್ಲಿ ಅನೇಕರು ಮೆತ್ತಗಾಗುವರು.

ಇನ್ನು ಹೋಗಿ ನೋಡುವ ಮಾತು. ಇದು ಬಹು ನಾಜೂಕಿನದು. ಮುದ್ದೇಬಿಹಾಳದ ಕಡೆಯ ಒಂದು ಮನೆಗೆ ಮೊದಲ ಸಲ ಹೀಗೆ ಹೋದಾಗ, ನಾವು ಜಗುಲಿಯ ಮೇಲೆ ಕುಳಿತುಕೊಳ್ಳುವ ಮೊದಲೇ ನಾಯಿಯ ನೀರಿನ ಪಾತ್ರೆಯನ್ನು ಬಗ್ಗಿ ನೋಡಿದೆವು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, “ಏನ್ರೀ ಮಾಸ್ತರ, ನಾವೇನ ನಾಯಿ ಉಪವಾಸ ಕೆಡವೂ ಮಂದಿ ಅನ್ಕೊಂಡೀರೇನು?” ಎಂದು ಕೇಳಿದಳು. ಆಕೆಯ ಮಾತಿನಲ್ಲಿ ನ್ಯಾಯವಿತ್ತು. ಅನ್ನ ಹಾಕುವ ಮನೆಗೆ ತಪಾಸಣೆಯ ಸಾಹೇಬರಂತೆ ಹೋಗುವದು ನಮ್ಮ ಸೀಮೆಯಲ್ಲಿ ಅಪಮಾನ. ಹೋಗದಿರುವದೋ, ಕೆಂಪಿಯ ಕಥೆ. ಈ ಎರಡರ ನಡುವೆ ದಾರಿ ಯಾವುದು?

ದಾರಿಯನ್ನು ನಮ್ಮ ಮನೆಯವರೇ ತೋರಿಸಿದರು: “ಮಗಳನ್ನು ಕೊಟ್ಟ ಮನೆಗೆ ಹಬ್ಬಕ್ಕೆ ಹೋಗುವದಿಲ್ಲವೇ? ಹಾಗೆಯೇ ಹೋಗಿರಿ.” ಅಂದಿನಿಂದ ನಾವು ಕೊಡುವ ದಿನವೇ, ಎಂಟು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ, ಬಳಿಕ ಹಬ್ಬಗಳಿಗೆ ಬರುವೆವೆಂದು ಹೇಳಿಬಿಡುವೆವು. ಮುಂಗಾರಿಗೆ ಮೊದಲು ಒಂದು ಸಲ, ಯಾಕಂದರೆ ಮಳೆಹಿಡಿದರೆ ಡೋಣಿಸಾಲಿನ ಎರೆಮಣ್ಣಿನಲ್ಲಿ ಹೊಲಮನೆಗೆ ಕಾಲಿಡಲಾಗದು. ಸೀಗಿಹುಣ್ಣಿವೆಗೆ ಒಂದು ಸಲ, ಯಾಕಂದರೆ ಗುಳೆ ಹೋಗುವವರು ಆಗ ಗಂಟುಕಟ್ಟುವರು. ಎಳ್ಳ ಅಮಾವಾಸ್ಯೆಗೆ ಒಂದು ಸಲ. ಅಂದು ಮನೆಮಂದಿಯೆಲ್ಲ ಹೊಲದಲ್ಲಿ ಚರಗ ಚೆಲ್ಲಿ, ಬಂದವರನ್ನು ಸಜ್ಜೆಯ ರೊಟ್ಟಿಗೂ ಶೇಂಗಾಹೋಳಿಗೆಗೂ ಕೂಡಿಸುವರು. ಆ ಪಂಕ್ತಿಯಲ್ಲಿ ಕುಳಿತು ಕಣ್ಣು ಹಾಯಿಸಿದರೆ ತಿಳಿಯದ್ದೇನಿದೆ? ಕೊರಳ ಹಗ್ಗದಡಿ ಕೂದಲು ಉದುರಿದೆಯೋ, ಚರ್ಮ ಗಾಯವಾಗಿದೆಯೋ, ಪಕ್ಕೆಲುಬು ಎಣಿಸುವಂತಿದೆಯೋ, ಯಜಮಾನನು ಕರೆದರೆ ಬಾಲವಾಡಿಸಿ ಬರುವದೋ, ಇಲ್ಲವೆ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುವದೋ. ಎಲ್ಲಕ್ಕೂ ಮಿಗಿಲಾದ ಗುರುತೊಂದುಂಟು: ಮಕ್ಕಳು ಅದಕ್ಕೆ ಹೆಸರಿಟ್ಟಿರುವರೋ ಇಲ್ಲವೋ. ಹೆಸರಿರುವ ನಾಯಿ ಬೀದಿಗೆ ಬೀಳುವದು ಅಪರೂಪ.

‘ಮೊಬೈಲಿನಲ್ಲಿ ಚಿತ್ರ ಕಳಿಸುವೆವು, ಅಷ್ಟು ದೂರ ಯಾಕೆ ಬರುವಿರಿ?’ ಎಂದು ಕೆಲವರು ಕೇಳುವರು. ಚಿತ್ರಗಳು ಬರಲಿ, ಸಂತೋಷ. ಆದರೆ ಚಿತ್ರವು ಮೋರೆಯನ್ನು ತೋರಿಸುವದು, ಸರಪಳಿಯ ಉದ್ದವನ್ನು ತೋರಿಸದು.

ಸರಿಹೋಗದ ಕಡೆ ಮರಳಿ ತರುವದೂ ಉಂಟು. ಬಸವನ ಬಾಗೇವಾಡಿಯ ಹತ್ತಿರದ ಒಂದು ಮನೆಯಲ್ಲಿ ತಂದೆಗೆ ಕಾಯಿಲೆಯಾಗಿ, ನಾಯಿಯನ್ನು ನೋಡುವವರಿಲ್ಲದೆ ಅದು ಹುಳುಕಡ್ಡಿಯಿಂದ ಮೈಯೆಲ್ಲ ಕೆರೆದುಕೊಂಡಿತ್ತು. ಮನೆಯಾಕೆ ನಾಚಿಕೆಯಿಂದ ಮುಖ ತೋರಿಸಲಿಲ್ಲ. ಸಣ್ಣ ಹುಡುಗಿ ನಾಯಿಯ ಕೊರಳನ್ನು ಅಪ್ಪಿ ಬಿಡಲೊಲ್ಲದು. ಬೈಯದೆ, ಬುದ್ಧಿ ಹೇಳದೆ, ‘ತಂದೆ ಎದ್ದು ಓಡಾಡಲಿ, ಆಮೇಲೆ ನೋಡೋಣ’ ಎಂದು ತಂದೆವು. ಮರಳಿಕೊಡುವದು ಅಪರಾಧವೆಂದು ಜನ ತಿಳಿದರೆ, ಮುಂದಿನವರು ನಾಯಿಯನ್ನು ತಂದುಕೊಡುವದಿಲ್ಲ. ರಾತ್ರಿ ಹೆದ್ದಾರಿಯ ಬದಿಗೆ ಬಿಟ್ಟುಬರುವರು.

ಕಾಯಿದೆಯಿಲ್ಲವೇ ಎಂದರೆ, ಇದೆ. 1960 ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ ಹನ್ನೊಂದನೆಯ ಕಲಮಿನಂತೆ ಗಿಡ್ಡ ಸರಪಳಿಯಲ್ಲಿ ಮಿತಿಮೀರಿ ಕಟ್ಟುವದೂ, ಅನ್ನ ನೀರು ನೆರಳು ಕೊಡದಿರುವದೂ, ಹಾದಿಗೆ ಬಿಡುವದೂ ಅಪರಾಧಗಳು. ಆದರೆ ಮೊದಲ ತಪ್ಪಿಗೆ ಆ ಕಾಯಿದೆ ಹೇಳಿದ ದಂಡ ಹತ್ತರಿಂದ ಐವತ್ತು ರೂಪಾಯಿ! 2025 ರ ಆಗಸ್ಟ 22 ರಂದು ಸರ್ವೋಚ್ಚ ನ್ಯಾಯಾಲಯವು, ಬೀದಿನಾಯಿಗಳನ್ನು ಹಿಡಿದು ಶಸ್ತ್ರಚಿಕಿತ್ಸೆ, ಲಸಿಕೆಗಳನ್ನು ಮಾಡಿಸಿ ಮರಳಿ ಅದೇ ಸ್ಥಳದಲ್ಲಿ ಬಿಡಬೇಕೆಂದೂ, ಹುಚ್ಚುಹಿಡಿದವನ್ನೂ ಮೈಮೇಲೇರುವವನ್ನೂ ಬಿಡಬಾರದೆಂದೂ ಹೇಳಿತು. ಬೇಕಾದವರು ನಗರಸಂಸ್ಥೆಗೆ ಅರ್ಜಿ ಕೊಟ್ಟು ನಾಯಿಯನ್ನು ದತ್ತು ಒಯ್ಯಬಹುದು, ಒಯ್ದದ್ದು ಮತ್ತೆ ಬೀದಿಗೆ ಬಾರದಂತೆ ನೋಡುವ ಹೊಣೆ ಅವರದೆಂದೂ ವಿಧಿಸಿತು. ಅದೇ ವರ್ಷ ನವೆಂಬರ 7 ರ ಆಜ್ಞೆಯಲ್ಲಿ ಶಾಲೆ, ಆಸ್ಪತ್ರೆ, ಬಸ್ಸುನಿಲ್ದಾಣ, ರೈಲ್ವೆನಿಲ್ದಾಣಗಳಿಂದ ಹಿಡಿದವನ್ನು ಅಲ್ಲಿಯೇ ಮರಳಿ ಬಿಡಕೂಡದೆಂದಿತು. ಹುಚ್ಚುರೋಗದ ಭಯವನ್ನು ನಾವು ಹಗುರಾಗಿ ಎಣಿಸುವವರಲ್ಲ. ಅದರ ಲಕ್ಷಣಗಳು ತೋರಿದ ಮೇಲೆ ಬದುಕುವದು ಇಲ್ಲವೆಂದೇ ಹೇಳಬೇಕು; ನಾಯಿ ಕಚ್ಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ಗಾಯವನ್ನು ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದಕಾರಣವೇ ಲಸಿಕೆ ಹಾಕಿದ, ಒಡೆಯನುಳ್ಳ ನಾಯಿಯೊಂದು ಹೆಚ್ಚಿದಷ್ಟೂ ಊರಿಗೆ ಕ್ಷೇಮ. ನ್ಯಾಯಾಲಯವು ಒಯ್ದವನ ಹೊಣೆಯನ್ನು ಹೇಳಿದೆ. ಕೊಟ್ಟವನ ಹೊಣೆಯನ್ನು ಕೊಟ್ಟವನೇ ಹೇಳಿಕೊಳ್ಳಬೇಕು.

ಕೆಂಪಿಯನ್ನು ಕಳೆದುಕೊಂಡ ಆ ಒಕ್ಕಲಿಗನು ಎರಡು ವರ್ಷದ ಮೇಲೆ ಬಂದು ಇನ್ನೊಂದು ಕುನ್ನಿಯನ್ನು ಕೇಳಿದನು. ಗೆಳೆಯರು ಬೇಡವೆಂದರು. ಒಂದು ರಾತ್ರಿ ನಮಗೂ ನಿದ್ದೆ ಬರಲಿಲ್ಲ. ಕೊನೆಗೆ, ಮೊದಲ ಸಲ ಹೇಳದೆಯಿದ್ದ ಮಾತನ್ನು ಈ ಸಲ ಹೇಳಿ, ಕೊಟ್ಟೆವು. ಅಂದಿನಿಂದ ಪ್ರತಿವರ್ಷ ಸೀಗಿಹುಣ್ಣಿವೆಯ ಮರುದಿನ ಅವನು ನಾಯಿಯನ್ನು ಹಗ್ಗ ಹಿಡಿದು ತಂದು, “ಹೊಂಟೀವ್ರೀ ಮಾಸ್ತರ, ಯುಗಾದಿಗೆ ಬರ್ತೀವಿ” ಎಂದು ನಮ್ಮ ಕಟ್ಟೆಗೆ ಕಟ್ಟಿಹೋಗುವನು. ಇದನ್ನು ಬರೆಯುವಾಗಲೂ ಅದು ಹೊಸ್ತಿಲಲ್ಲಿ ಮಲಗಿದೆ. ಮನೆಯವರು ಈ ಸಲವೂ ಗೊಣಗಿದರು, ಒಂದು ರೊಟ್ಟಿಯನ್ನು ಹೆಚ್ಚು ಬಡಿಯುತ್ತ.